ನೇರಳೆ ಮುಚ್ಚಳದ ಕೊಳವೆ

ದೊಡ್ಡ ಸೊಸೆ ಅತ್ತೆಯ ತೋಳಿನಿಂದ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಳು. ಅತ್ತೆಗೆ ಅತ್ತ ಗಮನವೇ ಇರಲಿಲ್ಲ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರಿಗೆ ಚಿಕ್ಕ ಸೊಸೆಯ ಪುರಾಣ ಹೇಳುವುದರಲ್ಲಿ ಮುಳುಗಿದ್ದರು. ಇಲ್ಲೇನಿದ್ದರೂ ರಕ್ತ ತೆಗೆಯುವುದಷ್ಟೇ, ಪರೀಕ್ಷೆಯೆಲ್ಲ ದೊಡ್ಡಾಸ್ಪತ್ರೆಯಲ್ಲಿ, ಅಲ್ಲಿ ಮಿಷನ್ನಿಗೆ ಯಜಮಾನಿ ನಮ್ಮ ಚಿಕ್ಕವಳೇ ಎಂದು.

"ಇವಳು ದೊಡ್ಡವಳು. ಇವಳು ಚುಚ್ತಾಳೆ, ಅವಳು ನೋಡ್ತಾಳೆ," ಎಂದು ಪರಿಚಯವನ್ನೂ ಮಾಡಿಸಿದರು.

ಮೊನ್ನೆ ಮೊನ್ನೆಯವರೆಗೆ ವಾರಗಿತ್ತಿಯರಿಬ್ಬರೂ ಈ ಕೋಣೆಯಲ್ಲೇ ಕೂತು ಕೆಲಸ ಮಾಡಿದವರು. ಗಾಜಿನ ಮೇಲೆ ರಕ್ತದ ಹನಿ ಸವರುವುದನ್ನು ಚಿಕ್ಕವಳಿಗೆ ಕೈಹಿಡಿದು ಕಲಿಸಿದ್ದೇ ದೊಡ್ಡವಳು. ಆಮೇಲೆ ಆಡಳಿತದವರು ಎಲ್ಲ ಶಾಖೆಗಳ ಪರೀಕ್ಷೆಯನ್ನೂ ಒಂದೇ ಕಡೆ ಗುಡ್ಡೆ ಹಾಕಿದರು. ಇಲ್ಲಿಂದ ಒಬ್ಬರು ಸಾಕೆಂದು ಚಿಕ್ಕವಳನ್ನು ಕರೆದೊಯ್ದರು. ದೊಡ್ಡವಳ ಪಾಲಿಗೆ ಸೂಜಿ ಮತ್ತು ರಕ್ತದ ಕೊಳವೆಗಳನ್ನು ಅಲ್ಲಿಗೆ ಕಳಿಸುವ ಮಂಜುಗಡ್ಡೆಯ ಪೆಟ್ಟಿಗೆ ಉಳಿದವು. ಸೂಕ್ಷ್ಮದರ್ಶಕ ಇದ್ದ ಜಾಗದಲ್ಲಿ ಮೇಜಿನ ಬಣ್ಣ ಮಾಸದೆ ಚೌಕವಾಗಿ ಹೊಳೆಯುತ್ತಿತ್ತು.

ಅದನ್ನೂ ಸಹಿಸಿಕೊಂಡಾಳು. ಸಂಜೆ ಮನೆಯಲ್ಲಿ ನಡೆಯುವ ಸಭೆಯನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ಕೊಳವೆಗಳು ಪುಟ್ಟ ರೈಲಿನ ಹಾಗೆ ಸಾಲಾಗಿ ಹೋಗುತ್ತವಂತೆ, ಮಿಷನ್ನು ತಾನೇ ಮುಚ್ಚಳ ತೆಗೆಯುತ್ತದಂತೆ, ಚಹಾ ಆರುವಷ್ಟರಲ್ಲಿ ಉತ್ತರ ಬರುತ್ತದಂತೆ. ಹೆಂಡತಿಯ ಕೆಲಸದ ಬಗ್ಗೆ ಇಷ್ಟು ವರ್ಷ ತುಟಿ ಬಿಚ್ಚದ ಗಂಡ ಈಗ ತಟ್ಟೆಯಲ್ಲಿ ಕೈ ಹಾಗೇ ಬಿಟ್ಟುಕೊಂಡು ಚಿಕ್ಕವಳನ್ನು "ಆಮೇಲೆ?" ಎಂದು ಕೇಳುತ್ತಿದ್ದ. ಆ 'ಆಮೇಲೆ' ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತ್ತು.

ನೇರಳೆ ಮುಚ್ಚಳದ ಕೊಳವೆಯ ಗೋಡೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಸವರಿರುತ್ತದೆ. ರಕ್ತ ತುಂಬಿದ ಕೂಡಲೇ ಅದನ್ನು ಮೆಲ್ಲಗೆ ನಾಲ್ಕಾರು ಸಲ ತಲೆಕೆಳಗು ಮಾಡಬೇಕು. ಅವಳ ಕೈಗೆ ಅದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. ಇವತ್ತು ಕೈ ತಾನಾಗಿ ತಿರುಗಹೊರಟಿತು. ಅವಳು ತಡೆದಳು. ಅತ್ತೆಯ ಹೆಸರಿನ ಚೀಟಿ ಅಂಟಿಸಿ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದಳು. ನೋಡಲಿ, ಯಜಮಾನಿ. ಮುಂದಿನವನ ಕೊಳವೆಯನ್ನು ಎಂದಿನಂತೆ ತಿರುಗಿಸಿದಳು.

ಮಧ್ಯಾಹ್ನ ಫೋನು ಬಂತು.

"ಅಕ್ಕಾ, ಅತ್ತೇದು ಹೆಪ್ಪುಗಟ್ಟಿದೆ. ಮಿಷನ್ ತಗೊಳ್ತಿಲ್ಲ. ಡಾಕ್ಟ್ರು ಇವತ್ತೇ ರಿಪೋರ್ಟ್ ಬೇಕು ಅಂದಿದ್ರಲ್ಲ, ಇನ್ನೊಂದ್ಸಲ ತೆಗೀಬೇಕು."

"ಅದೊಂದೇನಾ?"

"ಅದೊಂದೇ." ಚಿಕ್ಕವಳು ದನಿ ತಗ್ಗಿಸಿದಳು. "ಯಾಕೆ ಹೀಗಾಯ್ತು ಅಂತ ಇಲ್ಲಿ ಕೇಳಿದ್ರು. ಕೊಳವೇಲೇ ಏನೋ ದೋಷ ಇರ್ಬೇಕು ಅಂದೆ. ನಿನ್ನ ಕೈಯಿಂದ ಹೀಗಾಗಲ್ಲ ಅಂತ ನಂಗೊತ್ತಲ್ಲ."

ಗೊತ್ತಿದ್ದು ಹೇಳಿದಳೋ, ಗೊತ್ತಿಲ್ಲದೆಯೋ? ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಾಪಾಡಿದವಳಿಗೆ ಏನು ಹೇಳುವುದು? ಅವಳು ಫೋನಿಟ್ಟು ಹೊಸದೊಂದು ನೇರಳೆ ಮುಚ್ಚಳದ ಕೊಳವೆ ತೆಗೆದಿಟ್ಟಳು.

ಸಂಜೆ ಕೊಳವೆಗಳನ್ನು ದೊಡ್ಡಾಸ್ಪತ್ರೆಗೆ ಒಯ್ಯುವ ಕೊನೆಯ ಗಾಡಿ ಹೊರಡುವ ಮುಂಚೆ ಅತ್ತೆ ದೊಡ್ಡ ಮಗನ ತೋಳು ಹಿಡಿದು ಬಂದರು. ಬೆಳಿಗ್ಗೆಯಿಂದ ಎರಡು ಸಲ ತಲೆ ಸುತ್ತಿತ್ತಂತೆ. ಆದರೂ ಬಾಯಿ ಸೋತಿರಲಿಲ್ಲ.

"ಚಿಕ್ಕವಳು ಫೋನ್ ಮಾಡಿದ್ಲು. ಅಕ್ಕನ ತಪ್ಪಿಲ್ಲ, ಅಕ್ಕನ ತಪ್ಪಿಲ್ಲ ಅಂತ ಎಷ್ಟು ಸಲ ಹೇಳಿದ್ಲು ಗೊತ್ತಾ? ಎಷ್ಟು ಒಳ್ಳೆ ಮನಸ್ಸು ನೋಡು."

"ಹೂಂ, ಒಳ್ಳೆಯವಳೇ."

ಬೆಳಿಗ್ಗೆ ಚುಚ್ಚಿದ ಕಡೆ ನೀಲಿಗಟ್ಟಿತ್ತು. ಇನ್ನೊಂದು ತೋಳಿನಲ್ಲಿ ನರ ನೂಲಿನ ಹಾಗೆ ಜಾರುತ್ತಿತ್ತು. ಅವಳು ಬೆರಳಿನಿಂದ ತಡವಿ ತಡವಿ ಹುಡುಕಿದಳು. ಈ ಸಲ ಅತ್ತೆ ಕಣ್ಣು ಮುಚ್ಚಿ ಸೊಸೆಯ ಸೆರಗಿನ ತುದಿ ಹಿಡಿದುಕೊಂಡರು. ರಕ್ತ ಬಂತು.

ಗಾಡಿಯವನು ಪೆಟ್ಟಿಗೆಯ ಮುಚ್ಚಳ ತೆರೆದು ಬಾಗಿಲಲ್ಲಿ ನಿಂತಿದ್ದ.

"ಆಯ್ತಾ ಅಕ್ಕಾ?"

ಅವಳು ಕೊಳವೆಯನ್ನು ತಲೆಕೆಳಗು ಮಾಡಿದಳು. ಒಳಗಿನ ಗಾಳಿಗುಳ್ಳೆ ಮೆಲ್ಲಗೆ ಈ ತುದಿಯಿಂದ ಆ ತುದಿಗೆ ಏರಿತು. ಮತ್ತೆ ತಿರುಗಿಸಿದಳು. ಬೇಕಾದಷ್ಟು ಸಲ ತಿರುಗಿಸಿಯಾಗಿ ಎಷ್ಟೋ ಹೊತ್ತಾಗಿದ್ದರೂ, ಗಾಡಿಯವನು ಇನ್ನೊಮ್ಮೆ ಕರೆಯುವ ತನಕ, ಗುಳ್ಳೆ ಏರುತ್ತಲೇ ಇತ್ತು.