ಬಾಗಿಲ ಪಕ್ಕದ ಮೊಳೆ

ಸ್ಮಶಾನದ ಗೇಟಿನ ಬೀಗವನ್ನು ದರ್ಜಿ ಎರಡು ಸಲ ಜಗ್ಗಿ ನೋಡಿ ಕೈಬಿಟ್ಟ. ಹೆಗಲ ಮೇಲಿದ್ದ ಪೆಟ್ಟಿಗೆಯನ್ನು ನಾಲ್ವರು ಗೋಡೆ ಪಕ್ಕದ ಕಲ್ಲುಬೆಂಚಿನ ಮೇಲೆ ಮೆಲ್ಲಗೆ ಇಳಿಸಿದರು. ಒಳಗಿದ್ದವನು ಬೀಗದಜ್ಜ. ಊರಿನ ಅರ್ಧಕ್ಕರ್ಧ ಬೀಗಗಳನ್ನು ರಿಪೇರಿ ಮಾಡಿದವನು ಈಗ ಒಂದು ಬೀಗದ ಮುಂದೆ ಕಾಯುತ್ತಿದ್ದ. ಇದನ್ನು ಕಂಡಿದ್ದರೆ ಅಪ್ಪನೇ ಮೊದಲು ನಗುತ್ತಿದ್ದ ಎಂದುಕೊಂಡ ಮಗಳಿಗೆ ಕಣ್ಣು ತುಂಬಿ ಬಂತು.

"ಪುರಸಭೆಗೆ ಫೋನ್ ಮಾಡ್ದೆ. ಇವತ್ತು ರಜಾ ಅಂತೆ, ಅನುಮತಿ ಚೀಟಿ ನಾಳೆ ಅಂತೆ," ಎಂದಳು.

"ಜನ ರಜಾ ನೋಡ್ಕೊಂಡು ಸಾಯ್ತಾರಾ?" ದರ್ಜಿ ಸಿಡುಕಿದ. ಸುತ್ತ ನೋಡಿ ಜೇಬಿನಿಂದ ಒಂದು ಕೀಲಿ ತೆಗೆದ. "ಈ ಗೇಟಿಂದೇ ಇನ್ನೊಂದು ಕೀಲಿ, ನನ್ನ ಹತ್ರ ಉಳ್ಕೊಂಡಿತ್ತು ಕಣಮ್ಮ. ಯಾರಿಗೂ ಹೇಳ್ಬೇಡ."

*

ಮೂವತ್ತು ವರ್ಷ ಆ ಗೇಟಿನ ಕೀಲಿ ಅಜ್ಜನ ಅಂಗಡಿ ಬಾಗಿಲ ಪಕ್ಕದ ಮೊಳೆಯಲ್ಲಿತ್ತು. ಬೇಕಾದವರು ಒಯ್ಯುತ್ತಿದ್ದರು, ಕೆಲಸ ಮುಗಿಸಿ ತಂದು ಸಿಕ್ಕಿಸುತ್ತಿದ್ದರು. ಒಳಗೆ ಹುಲ್ಲು ಕೀಳುವುದೂ ಬೀದಿಯವರದೇ ಕೆಲಸ. ಮೂರು ವರ್ಷದ ಹಿಂದೆ ಪುರಸಭೆ ಕೀಲಿಯನ್ನು ವಶಕ್ಕೆ ಪಡೆಯಲು ಹೊರಟಾಗ ಅಜ್ಜ ಸಭೆಯಲ್ಲಿ ಎದ್ದು ನಿಂತ.

"ನಾವೇ ಮಾಡ್ಕೊಳ್ಳೋ ಕೆಲಸ ನಿಮಗ್ಯಾಕೆ ಅಧ್ಯಕ್ಷರೇ? ಇವತ್ತು ಕೀಲಿ ಕೊಟ್ರೆ, ನಾಳೆ ಹುಲ್ಲು ಕೀಳೋಕೂ ಜನ ನಿಮ್ಮ ದಾರಿನೇ ಕಾಯ್ತಾರೆ."

"ಹೋದ ವರ್ಷ ಸಮಾಧಿ ಕಲ್ಲೇ ಕಳುವಾಯ್ತಲ್ಲ ಅಜ್ಜ? ಯಾರು ಬಂದ್ರು, ಯಾರು ಹೋದ್ರು ಗೊತ್ತಾಗ್ಬೇಡ್ವಾ?" ಎಂದಳು ಅಧ್ಯಕ್ಷೆ.

ಮತಕ್ಕೆ ಹಾಕಿದಾಗ ಅಜ್ಜ ಸೋತ. ಮರುದಿನ ಆಫೀಸು ತೆರೆಯುವ ಮೊದಲೇ ಕೀಲಿ ಹಿಡಿದು ಅದರ ಬಾಗಿಲಲ್ಲಿ ನಿಂತಿದ್ದ. ಕೊಡಬೇಡ ಎಂದ ಮಗಳನ್ನು ಗದರಿಸಿದ್ದ: "ನಂಗೆ ಬೇಡದ ಕಾನೂನನ್ನ ನಾನು ಮುರಿದ್ರೆ, ನಿಂಗೆ ಬೇಡದ್ದನ್ನ ನೀನು ಮುರೀತೀಯ. ಆಮೇಲೆ ಊರು ಉಳಿಯುತ್ತಾ?" ಮೊಳೆಯನ್ನು ಮಾತ್ರ ಕೀಳಲಿಲ್ಲ. ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಸವರುತ್ತಿದ್ದ.

*

"ಬೇಡಣ್ಣ," ಮಗಳು ದರ್ಜಿಯ ಕೈ ತಡೆದಳು. "ಅಪ್ಪ ಒಪ್ಪಲ್ಲ."

"ಬಿಸಿಲೇರ್ತಿದೆ ಕಣಮ್ಮ, ನಾಳೆ ತನಕ ಇಡೋಕಾಗುತ್ತಾ?"

ಆಗದು ಎಂದು ಅವಳಿಗೂ ಗೊತ್ತಿತ್ತು. ನೇರವಾಗಿ ಅಧ್ಯಕ್ಷೆಯ ಮನೆಗೇ ಫೋನ್ ಮಾಡಿದಳು.

ಅರ್ಧ ಗಂಟೆಯಲ್ಲಿ ಅಧ್ಯಕ್ಷೆ ಸ್ಕೂಟರಿನಲ್ಲಿ ಬಂದಿಳಿದಳು. ತಲೆ ಬಾಚಿರಲಿಲ್ಲ, ಕಾಲಲ್ಲಿ ಮನೆಯ ಚಪ್ಪಲಿ, ಕೈಯಲ್ಲಿ ಆಫೀಸಿನ ಕೀಲಿಗೊಂಚಲು. ಪೆಟ್ಟಿಗೆಯ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟಳು.

"ಪ್ರತಿ ಸಭೆಲೂ ನನ್ನ ತಲೆ ತಿಂದ್ರಿ ಅಜ್ಜ. ಇನ್ನು ಯಾರ ಹತ್ರ ಜಗಳ ಆಡ್ಲಿ?"

ಗೇಟಿನ ಹತ್ತಿರ ಹೋದವಳು ತಿರುಗಿ ಬಂದು ದರ್ಜಿಯಿಂದ ಪೆನ್ನು ಕೇಳಿದಳು. "ಚೀಟಿ ಬರೀತೀನಿ. ಇಲ್ದಿದ್ರೆ ಈ ಮನುಷ್ಯ ಎದ್ದು ಕೂತು ಕೇಳ್ತಾರೆ." ಅತ್ತು ಕೆಂಪಾಗಿದ್ದ ಮುಖಗಳೆಲ್ಲ ನಕ್ಕವು.

ಮಣ್ಣು ಮಾಡಿ, ಗೇಟಿಗೆ ಬೀಗ ಹಾಕಿ ಎಲ್ಲರೂ ಬೀದಿಗೆ ಮರಳಿದರು. ಮುಚ್ಚಿದ ಅಂಗಡಿಯ ಎದುರು ಅಧ್ಯಕ್ಷೆ ನಿಂತಳು. ಮೊಳೆಗೆ ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಗೊಂಚಲಿನಿಂದ ಕೀಲಿ ಬಿಡಿಸಿ ಅದಕ್ಕೆ ಸಿಕ್ಕಿಸಿದಳು.

"ಮುಂದಿನ ಸಭೆ ತನಕ ನನ್ನ ಜವಾಬ್ದಾರಿ. ಆವತ್ತು ನಾನು ಕುರ್ಚಿ ಬಿಟ್ಟು ಕೆಳಗೆ ಬಂದು, ಅಜ್ಜನ ಜಾಗದಲ್ಲಿ ನಿಂತು ಕೀಲಿ ಇಲ್ಲೇ ಇರ್ಲಿ ಅಂತ ಕೇಳ್ತೀನಿ."

ದರ್ಜಿ ಕೆಮ್ಮಿದ. ಯಾರ ಮುಖವನ್ನೂ ನೋಡದೆ ಜೇಬಿಗೆ ಕೈ ಹಾಕಿ ತನ್ನ ಕೀಲಿಯನ್ನೂ ಅಲ್ಲೇ ತಗುಲಿಹಾಕಿದ. ಒಂದೇ ಮೊಳೆಯಲ್ಲಿ ಎರಡು ಕೀಲಿಗಳು ಒಂದಕ್ಕೊಂದು ತಾಗುತ್ತ ತುಸು ಹೊತ್ತು ಅಲುಗಾಡಿದವು.