ತೊಟ್ಟಿಲ ಕೌದ್ಯಾಗ ಬೀಡಿನ ಪುಡಿ

ಅಂಕಲಗಿ ದಸ್ತಗೀರನ ಪಡಸಾಲ್ಯಾಗ ಒಂದು ಲೇತ್ ಮಶೀನ ಇತ್ತು. ಕಬ್ಬಿನ ಗಾಣದ ಅಚ್ಚು ತಿರಗೂ ಬೀಡಿನ ಬಳಿ, ಅಂದ್ರ ಬುಶ್, ಕೊರದು ಕೊಡೂದು ಅವನ ಕಸಬು. ಬೀಡು ಅಂದ್ರ ಎರಕದ ಕಬ್ಬಿಣ. ಅದನ್ನ ಕೊರದ್ರ ಉಕ್ಕಿನಂಗ ಸುರುಳಿ ಬರೂದಿಲ್ಲ, ಕರೀ ಪುಡಿ ಉದರತೈತಿ. ಆ ಹಾಳ ಪುಡಿ ನೀರಿನ ಕೊಡಕ್ಕ, ರೊಟ್ಟಿ ಬುಟ್ಟಿಗಿ, ಹಾಸಗಿಗಿ ಹೊಕ್ಕು ಹೇಂತಿ ಜರೀನಾಬಿಯ ಜೀವಾ ತಿಂದಿತ್ತು.

ಅದರಾಗ ಕೂಸಿಗಿ ಕೆಮ್ಮು ಹತ್ತಿತು. ಡಾಕ್ಟರು ಔಷಧ ಕೊಟ್ಟು, "ಕೂಸಿನ್ನ ಧೂಳಿನಿಂದ ದೂರ ಇಡ್ರಿ" ಅಂದ್ರು. ಜರೀನಾಬಿ ಮನಿಗಿ ಬಂದಾಕಿನ ಅರಬಿ ಗಂಟು ಕಟ್ಟಿದಳು.

"ಮಶೀನ ಹೊರಗ ಹೋಗಲಿ, ಇಲ್ಲಾ ನಾ ಕೂಸಿನ್ನ ತಗೊಂಡು ಧುಪದಾಳಕ್ಕ ತವರಿಗಿ ಹೊಕ್ಕೇನಿ."

"ಮಶೀನ ಬೀದ್ಯಾಗಿಟ್ರ ಹೊಟ್ಟಿಗಿ ಏನ ತಿನ್ನೂದು?" ಅಂದ ದಸ್ತಗೀರ. "ಪುಡಿ ಹಾರಬಾರದಂತ ಎಣ್ಣಿ ಬ್ಯಾರೆ ಹಾಕಾಕತ್ತೇನಿ. ತೊಟ್ಟಿಲ ಒಳಗಿನ ಖೋಲ್ಯಾಗೈತಿ. ಅಲ್ಲೀತನಕ ಪುಡಿ ನಡಕೋತ ಹೊಕ್ಕೈತೇನು?"

ಆಗ ಬಾಗಲದಾಗ ಕೇದಾರಿ ನಿಂತಿದ್ದ. ಹುಕ್ಕೇರ್ಯಾಗ ಫಿಟರ್ ಕೆಲಸಾ ಮಾಡಾವ, ದಸ್ತಗೀರನ ಸಾಲಿ ಗೆಳೆಯ.

"ಬೀಡಿಗಿ ಎಣ್ಣಿ ಹಾಕ್ತಾರೇನೋ ಮಾರಾಯಾ? ಅದು ಕಾಡಿಗಿ ಆಗಿ ಕಾಲಿಗಿ ಮೆತ್ತಿ ಮನಿತುಂಬ ತಿರಗತೈತಿ" ಅಂದ. ಕಿಸೆದಾಗಿನ ಲೋಹಚುಂಬಕಕ್ಕ ಬಿಳೀ ಅರಬಿ ಸುತ್ತಿ ಜರೀನಾಬಿ ಕೈಗಿ ಕೊಟ್ಟ. "ತಂಗಿ, ತೊಟ್ಟಿಲ ಕೌದಿ ಮ್ಯಾಲ ಇದನ್ನ ಆಡಸು."

ದಸ್ತಗೀರ ನಕ್ಕ. ಜರೀನಾಬಿ ಆಡಿಸಿ ತಂದು ತೋರಿಸಿದಳು. ಬಿಳೀ ಅರಬಿಗಿ ಕರೀ ಗಡ್ಡ ಬೆಳದಂಗ ಆಗಿತ್ತು. ದಸ್ತಗೀರನ ನಗಿ ಅಲ್ಲೇ ನಿಂತು ಹೋತು.

"ಇದು ಅಲ್ಲೀಗಿ ಹೆಂಗ ಬಂತು?"

ಕೇದಾರಿ ಅರಬಿ ಬಿಚ್ಚಿ ಹೊರಗ ಝಾಡಿಸಿ, ಮತ್ತ ಸುತ್ತಿ, ಚುಂಬಕಾನ ದಸ್ತಗೀರನ ಅಂಗಿ ಎದಿ ಮ್ಯಾಲ ಆಡಿಸಿದ. ಮತ್ತ ಅದ ಗಡ್ಡ. ಕೂಸು ಅತ್ತಾಗೊಮ್ಮೆ ದಸ್ತಗೀರ ಮಶೀನ ಬಿಟ್ಟು ಓಡಿ, ಇದ ಎದಿಗಿ ಅದನ್ನ ಅವಚಿಕೊಳ್ತಿದ್ದ.

"ನಾನ ಹೊತ್ಕೊಂಡು ಹೋಗೇನಲ್ಲೋ" ಅಂದ. ಅಂಗಿ ಅಲ್ಲೇ ಬಿಚ್ಚಿಟ್ಟ.

ಅವತ್ತ ಎಣ್ಣಿ ಬಂದ್ ಆತು. ಮಶೀನಿನ ಸುತ್ತ ಒದ್ದಿ ಗೋಣಿತಟ್ಟಿನ ಪರದೆ ಬಿತ್ತು, ಕೆಳಗ ಪುಡಿ ಹಿಡ್ಯಾಕ ತಗಡಿನ ತಾಟು ಬಂತು. "ಬಾಯಿಲೆ ಊದಬ್ಯಾಡ, ಬ್ರಶ್ಶಿಲೆ ಬಳಿ" ಅಂದ ಕೇದಾರಿ. "ಹತ್ಯಾರ ಚೂಪ ಇರಲಿ, ಸಾವಕಾಶ ಒಂದೀಟು ಆಳವಾಗಿ ಕೊರಿ, ಹಿಟ್ಟಿನ ಬದಲಿ ನುಚ್ಚು ಬೀಳತೈತಿ. ನೆಲಾ ಬಳಿಯೂಕಿಂತ ಮೊದಲ ಒದ್ದಿ ಕಟಗಿ ಹೊಟ್ಟು ಚೆಲ್ಲು."

"ಇಷ್ಟೆಲ್ಲಾ ಮಾಡಕೋತ ಕುಂತ್ರ ಕೆಲಸಾ ಯಾವಾಗ ಮುಗೀಬೇಕೋ?"

"ದಿನಾ ಸಂಜೀಕ ಮನಿ ಒರಸೂ ಹೊತ್ತು ಉಳೀತೈತಲ್ಲ, ಅವಾಗ."

ಜರೀನಾಬಿ ಕೌದಿ ಒಗದು ಹಾಕಿದಳು, ಆದ್ರ ಗಂಟು ಬಿಚ್ಚಲಿಲ್ಲ. "ಒಂದು ವಾರ ನೋಡ್ತೇನಿ" ಅಂದಳು. ದಸ್ತಗೀರ ಮೂಗಿಗಿ ಟಾವೆಲ್ ಕಟ್ಟಿ, ಕಣ್ಣಿಗಿ ಚಾಳೀಸ ಹಾಕಿ ದುಡದ. ಕೆಲಸದ ಅಂಗಿ ಪರದೆ ಒಳಗಿನ ಗೂಟಕ್ಕ ಹಾಕಿ, ಕೈ ಮಾರಿ ತೊಳಕೊಂಡ ಮ್ಯಾಲ ಒಳಗ ಬಂದ.

ವಾರದ ಮ್ಯಾಲ ಆಕಿ, ಕೇದಾರಿ ಬಿಟ್ಟು ಹೋದ ಚುಂಬಕಕ್ಕ ಬಿಳೀ ಅರಬಿ ಸುತ್ತಿ ಕೌದಿಗಿ ಆಡಿಸಿದಳು. ಅರಬಿ ಬೆಳ್ಳಗ ಬಂತು. ಕೂಸಿನ ಕೆಮ್ಮೂ ಇಳದಿತ್ತು. ಗಂಟು ಬಿಚ್ಚಿ ಅರಬಿ ಮಡಚಿಟ್ಟು, ಗಂಡನ ಎದಿ ಮ್ಯಾಲೂ ಒಮ್ಮೆ ಚುಂಬಕ ಆಡಿಸಿ ನೋಡಿ, ಆಮ್ಯಾಲ ಕೂಸಿನ್ನ ಅವನ ಕೈಗಿ ಕೊಟ್ಟಳು.

ಮನ್ಯಾಗ ಬೀಡು ಕೊರಿಯೋರ ಕೇಳ್ರಿ. ಕಣ್ಣಾಗ ಪುಡಿ ಬಿದ್ರ ತಿಕ್ಕಬ್ಯಾಡ್ರಿ, ದವಾಖಾನಿಗಿ ಹೋಗ್ರಿ. ನಮ್ಮ ಮನ್ಯಾಗ ಪುಡಿ ಇಲ್ಲ ಅಂತ ಬಾಯಿಲೆ ಹೇಳಬ್ಯಾಡ್ರಿ. ಇವತ್ತ ನಿಮ್ಮ ಮಕ್ಕಳ ಹಾಸಗಿ ಮ್ಯಾಲ ಒಮ್ಮೆ ಚುಂಬಕ ಆಡಸ್ರಿ, ಅದ ಹೇಳತೈತಿ.