ಹನ್ನೊಂದು ಸಲ ಸತ್ತವನು

ಹನ್ನೊಂದು ಸಲ ಅವನನ್ನು ಕೊಂದಿದ್ದೇನೆ. ಬಾವಿಗೆ ತಳ್ಳಿ ಕೊಂದೆ, ಕಲ್ಲಿದ್ದಲ ಹೊಗೆಯಲ್ಲಿ ಉಸಿರುಗಟ್ಟಿಸಿ ಕೊಂದೆ, ಒಮ್ಮೆಯಂತೂ ಮಂಜುಗಡ್ಡೆಯ ಮೇಲೆ ಮಂಡಿಯೂರಿಸಿ ಬೆಳಗಾಗುವ ತನಕ ಕಾದು ಕೊಂದೆ. ಹನ್ನೊಂದು ಸಲವೂ ನಿರ್ದೇಶಕ ಸೊಕ್ ಓದಿ ಮುಗಿಸಿ, ಕನ್ನಡಕ ತೆಗೆದು, ಹಣೆ ಉಜ್ಜಿಕೊಂಡು, "ಇನ್ನೂ ಏನೋ ಸಾಲ್ದು ಮೇಡಂ" ಅಂದರು. ಇಪ್ಪತ್ತು ವರ್ಷದಿಂದ ಸಿಯೋಲ್‌ನಲ್ಲಿ ಚಿತ್ರಕಥೆ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಒಬ್ಬ ಮುದುಕನನ್ನು ನೆಟ್ಟಗೆ ಕೊಲ್ಲಲು ಬಾರದವಳು ಅನ್ನಿಸಿಕೊಂಡದ್ದು ಇದೇ ಮೊದಲು.

ಕಥೆ ದೊಡ್ಡದೇನಲ್ಲ. ಅನಾಥಾಲಯದಲ್ಲಿ ಏಟು ತಿಂದು ಬೆಳೆದ ಹುಡುಗ ಮೂವತ್ತು ವರ್ಷದ ಮೇಲೆ ಅಲ್ಲಿನ ಯಜಮಾನನನ್ನು ಹುಡುಕಿಕೊಂಡು ಹೋಗುತ್ತಾನೆ. ಇಂಥ ಸಿನಿಮಾಗಳಿಗೆ ನಮ್ಮಲ್ಲಿ ಬರವಿಲ್ಲ. ಕೋರ್ಟಿನಲ್ಲಿ ಸಿಗದ ನ್ಯಾಯವನ್ನು ಜನ ಟಿಕೆಟ್ ಕೊಂಡು ನೋಡುತ್ತಾರೆ.

"ರಕ್ತ ಕಾಣ್ಬೇಕು ಮೇಡಂ," ಎಂದು ಕಿಮ್ಚಿ ಸಾರಿನ ಮುಂದೆ ಕೂತು ಸೊಕ್ ಹೇಳಿದ್ದರು. "ಎರಡು ಗಂಟೆ ಆ ಮಕ್ಕಳಿಗೆ ಬೀಳೋ ಏಟು ನೋಡಿ ಜನ ಹಲ್ಲು ಕಚ್ಚಿಕೊಂಡು ಕೂತಿರ್ತಾರೆ. ಕೊನೇಲಿ ಉಸಿರು ಬಿಡೋಕೆ ಜಾಗ ಬೇಡ್ವಾ?"

"ಕೊಲ್ಲಲಿ, ಯಾರ್ ಬೇಡ ಅಂದ್ರು?" ಎಂದರು ನಿರ್ಮಾಪಕಿ ಬು. "ಆದ್ರೆ ಕೊಂದೋನೂ ಸಾಯ್ಬೇಕು. ಇಲ್ದಿದ್ರೆ ಕೊಲೆಗೆ ಹಾರ ಹಾಕಿದ್ರು ಅಂತ ನಾಳೆ ಪೇಪರ್‌ನೋರು ನನ್ನ ಸುಲಿದುಹಾಕ್ತಾರೆ."

ಹಾವೂ ಸಾಯಬೇಕು, ಕೋಲೂ ಮುರಿಯಬೇಕು ಎನ್ನುವ ಹೊಸ ಗಾದೆ ಈಯಮ್ಮನದು. ಇವರಿಬ್ಬರ ನಡುವೆ ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಆ ಹುಡುಗ ನಾನೇ ಎಂದು ಇಬ್ಬರಿಗೂ ಹೇಳಿರಲಿಲ್ಲ. ಹೇಳಿದರೆ ಅದನ್ನೂ ಪೋಸ್ಟರಿನ ಮೇಲೆ ಹಾಕುತ್ತಿದ್ದರು.

ನನಗೆ ಅವನ ರಕ್ತ ಬೇಕಿರಲಿಲ್ಲ. "ಹೌದು, ನಾನೇ ಮಾಡಿದೆ" ಎಂದು ಅವನ ಬಾಯಿಂದ ಒಂದು ಮಾತು ಬೇಕಿತ್ತು. ಹನ್ನೊಂದು ಕರಡುಗಳಲ್ಲೂ ಸಾಯುವ ಮುಂಚೆ ಅವನು ಆ ಮಾತು ಹೇಳುತ್ತಾನೆ. ದೂರು ಕೊಡೋಣವೆಂದು ನಾನು ಧೈರ್ಯ ಮಾಡುವಷ್ಟರಲ್ಲಿ ಕಾನೂನಿನ ಗಡುವು ಎಂದೋ ಮುಗಿದಿತ್ತು. ಅವನ ಹೆಸರು ಹೇಳಿ ಬರೆಯೋಣವೆಂದರೆ, ನಿಜ ಬರೆದರೂ ಮಾನಹಾನಿಯೇ ಎಂದರು ವಕೀಲರು. ಮಾಡಿದವನಿಗೆ ಗಡುವು ಮುಗಿದಿದೆ, ಹೇಳುವವಳಿಗೆ ಕೇಸು ಕಾದಿದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಎಷ್ಟೋ ದಿನ ಗೋಡೆಯ ಮೇಲೆ ಸಿಟ್ಟು ಮಾಡಿದ್ದೇನೆ.

ಚಿತ್ರೀಕರಣ ಶುರುವಾಗುವ ದಿನ ಗುನ್ಸಾನ್ ಊರಾಚೆಯ ಮುಚ್ಚಿದ ಶಾಲೆಯೊಂದರ ಅಂಗಳದಲ್ಲಿ ಪೂಜೆ ಇತ್ತು. ಬೇಯಿಸಿದ ಹಂದಿಯ ತಲೆ, ಕೆಂಪು ಕಾಳಿನ ಕಡುಬು, ಒಣ ಮೀನು, ಅಕ್ಕಿ ಹೆಂಡ. ಹಂದಿ ನಗುತ್ತಿದ್ದರೆ ಸಿನಿಮಾ ಓಡುತ್ತದೆ ಎನ್ನುತ್ತಾರೆ. ಇದು ಕಿವಿಯವರೆಗೆ ನಗುತ್ತಿತ್ತು.

ಜಾಗ ಗೊತ್ತುಮಾಡುವ ಕೆಲಸ ಪಿಲ್‌ಗ್ಯುನದು. ನಲವತ್ತು ದಾಟಿದ, ಎಲ್ಲರಿಗೂ ಒಳ್ಳೆಯವನಾಗಬೇಕೆಂದು ಒದ್ದಾಡುವ ಮನುಷ್ಯ. ಅವನು ಓಡಿ ಬಂದು, "ಮೇಡಂ, ನಿಮಗೊಂದು ಸರ್‌ಪ್ರೈಸ್ ಇದೆ!" ಎಂದ. "ಈ ಊರಲ್ಲಿ ನಿಮ್ಮ ದೊಡ್ಡಪ್ಪ ಇದಾರೆ ಅಂತ ಒಂದು ಮಾತು ಹೇಳ್ಬಾರ್ದಾ? ಶಾಲೆ ಪರ್ಮಿಷನ್ ಕೊಡಿಸಿದ್ದೇ ಅವರು. ತಾಕ್ ಮನೆತನ ಅಂದ್ರೆ ಎಷ್ಟು ಜನ ಇರ್ತಾರೆ ಹೇಳಿ? ನಮ್ ರೈಟರ್ ಮೇಡಂ ಕೂಡ ತಾಕೇ ಅಂದೆ. ನಿಮ್ಮ ಹೆಸರು ಕೇಳಿ, 'ನಮ್ಮ ಮಗೂನೇ' ಅಂದ್ರು. ಕಣ್ಣಲ್ಲಿ ನೀರು ಬಂತು ಅವರಿಗೆ!"

ಪಾಪ, ಪಿಲ್‌ಗ್ಯುನ ತಪ್ಪೇನಿಲ್ಲ. ಅಪರೂಪದ ಮನೆತನದ ಹೆಸರು ಒಂದೇ ಇದ್ದರೆ ನಮ್ಮಲ್ಲಿ ಯಾರಾದರೂ ನೆಂಟರೆಂದೇ ತಿಳಿಯುತ್ತಾರೆ. ಆದರೆ ಹೆತ್ತವರ ಗುರುತಿಲ್ಲದ ಮಕ್ಕಳಿಗೆ ನಮ್ಮ ಅನಾಥಾಲಯದ ಯಜಮಾನ ತನ್ನ ಮನೆತನದ ಹೆಸರನ್ನೇ ಬರೆಸುತ್ತಿದ್ದ. ಆ ವರ್ಷ ಸೇರಿದ ನಮಗೆಲ್ಲ ಭಾಗ್ಯ ಎಂಬ ಅರ್ಥದ ಬೊಕ್ ಅಂಟಿಸಿದ. ನಾನು ಸುಂಬೊಕ್, ಇನ್ನೊಬ್ಬ ಮಾನ್‌ಬೊಕ್, ಮತ್ತೊಬ್ಬ ಇಲ್‌ಬೊಕ್. ಭಾಗ್ಯಕ್ಕೆ ಅಲ್ಲಿ ಕಡಿಮೆ ಇರಲಿಲ್ಲ.

ಆ ಯಜಮಾನ ಕಾರಿನಿಂದ ಇಳಿದ. ಎಂಬತ್ನಾಲ್ಕು ವರ್ಷ, ಕೈಯಲ್ಲಿ ಕೋಲು, ಇಸ್ತ್ರಿ ಮಾಡಿದ ಕೋಟು. ಅದೇ ದೊಡ್ಡ ಕೈಗಳು.

ನಾನು ಬಾಗಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಸೊಂಟದವರೆಗೆ ಬಾಗಿದೆ. ಬೇಡ ಎಂದು ಮನಸ್ಸು ಹೇಳುವಷ್ಟರಲ್ಲಿ ಬೆನ್ನು ತನ್ನ ಕೆಲಸ ಮುಗಿಸಿತ್ತು. ಹನ್ನೊಂದು ಸಲ ಕೊಂದ ಕೈಗಳು ಹೊಟ್ಟೆಯ ಮೇಲೆ ಒಂದರ ಮೇಲೊಂದು ಕೂತಿದ್ದವು. ಥೂ, ನನ್ನ ಜನ್ಮಕ್ಕಿಷ್ಟು!

ಹಿರಿಯರೆಂದು ಹಂದಿ ತಲೆಗೆ ಮೊದಲ ನಮಸ್ಕಾರ ಅವನಿಂದಲೇ ಮಾಡಿಸಿದರು. ಆಮೇಲೆ ಚಾಪೆ ಹಾಸಿ ಊಟಕ್ಕೆ ಕೂರಿಸಿದರು. ನೆಂಟಳಲ್ಲವೇ, ನನ್ನನ್ನು ಅವನ ಪಕ್ಕಕ್ಕೇ ತಳ್ಳಿದರು. ಅವನ ಲೋಟಕ್ಕೆ ಎರಡೂ ಕೈಯಲ್ಲಿ ಹಿಡಿದು ಹೆಂಡ ಸುರಿದವಳೂ ನಾನೇ. ಅವನು ಕುಡಿದ, ಬಾಯಿ ಒರೆಸಿಕೊಂಡ, ನನ್ನ ಕಡೆ ಬಾಗಿ ಏನೋ ಹೇಳತೊಡಗಿದ. ತುಟಿಗಳು ಆಡುತ್ತಿದ್ದವು, ಕಣ್ಣು ಒದ್ದೆಯಾಗಿತ್ತು.

ಅವನು ಕೂತದ್ದು ನನ್ನ ಬಲಕ್ಕೆ. ನನ್ನ ಬಲಗಿವಿ ಕೇಳಿಸುವುದಿಲ್ಲ.

ಆ ಮಾತೇ ಇರಬಹುದು ಅನ್ನಿಸಿತು. ನಲವತ್ತು ವರ್ಷ ಕಾದ ಮಾತು ಸತ್ತ ಕಿವಿಯೊಳಗೆ ಬಿದ್ದು ಹೋಗುತ್ತಿದೆಯೇನೋ ಎಂದು ಹೆದರಿದೆ.

"ಆ ಕಿವಿ ಕೇಳ್ಸಲ್ಲ," ಎಂದೆ, ಜೋರಾಗಿಯೇ. "ಎದ್ದು ಈ ಕಡೆ ಬಂದು ಹೇಳಿ."

ಚಾಪೆಯ ಮೇಲಿದ್ದ ಇಪ್ಪತ್ತೂ ಜನ ತಿನ್ನುವುದನ್ನು ನಿಲ್ಲಿಸಿದರು. ಪಿಲ್‌ಗ್ಯು, "ಅಯ್ಯೋ ಮೇಡಂ, ವಯಸ್ಸಾದೋರನ್ನ ಏಳಿಸ್ತೀರಾ! ನೀವೇ ಜರುಗಿ ಕೂತ್ಕೊಳಿ," ಎಂದು ಪಿಸುಗುಟ್ಟಿದ.

"ಅವರೇ ಬರ್ಲಿ."

ಬಂದ. ಕೋಲೂರಿ, ಮಂಡಿ ಹಿಡಿದುಕೊಂಡು ಎದ್ದು, ನನ್ನ ಹಿಂದಿನಿಂದ ಸುತ್ತಿ ಬಂದು ಎಡಕ್ಕೆ ಕೂತ. ಎಡಗಿವಿಯನ್ನು ಅವನ ಬಾಯಿಗೆ ಕೊಟ್ಟೆ.

"ಸಿನಿಮಾ ಮುಗಿದ ಮೇಲೆ ಹೆಸರುಗಳು ಬರ್ತವಲ್ಲಮ್ಮ, ಅಲ್ಲಿ ನನ್ನ ಹೆಸರೂ ಹಾಕ್ಸು. ಮೊಮ್ಮಗನಿಗೆ ತೋರಿಸ್ಬೇಕು," ಎಂದ.

ಇಷ್ಟೇ.

ಬಲಗಿವಿ ಮುಟ್ಟಿ ತೋರಿಸಿದೆ. "ಈ ಕಿವಿ ಯಾಕೆ ಕೇಳ್ಸಲ್ಲ ಅಂತ ಕೇಳಲ್ವಾ?" ಎಂದೆ.

"ಯಾಕಮ್ಮ? ಚಿಕ್ಕೋಳಿದ್ದಾಗ ಜ್ವರ ಗಿರ ಬಂದಿತ್ತಾ?"

ಮುಖ ನೋಡಿದೆ. ನಟರ ಮುಖ ನೋಡಿ ನೋಡಿ ಪಳಗಿದವಳು ನಾನು. ಅವನು ನಟಿಸುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದ.

"ನೀವು ಹೊಡೆದ್ರಿ," ಎಂದೆ. "ನನಗಾಗ ಒಂಬತ್ತು ವರ್ಷ. ಪಾತ್ರೆ ತಳದ ಸೀಕಲು ಅನ್ನ ಕದ್ದು ತಿಂದೆ ಅಂತ. ಮೊದಲು ಮಂಜಿನಲ್ಲಿ ಕೈ ಎತ್ತಿಸಿ ಮಂಡಿ ಮೇಲೆ ನಿಲ್ಲಿಸಿದ್ರಿ, ಆಮೇಲೆ ಹೊಡೆದ್ರಿ. ಮಾನ್‌ಬೊಕ್ ಬಿಡಿಸೋಕೆ ಬಂದ. ಅವನಿಗೂ ಬಿತ್ತು. ಅವನು ಆ ಚಳಿಗಾಲ ದಾಟ್ಲಿಲ್ಲ."

"ಎಷ್ಟೊಂದು ಮಕ್ಕಳಮ್ಮ," ಎಂದ. "ಆ ಕಾಲವೇ ಹಾಗಿತ್ತು. ಹೊಡೀದೆ ಬೆಳೆಸಿದ್ರೆ ನೀನು ಇಷ್ಟು ದೊಡ್ಡ ರೈಟರ್ ಆಗ್ತಿದ್ಯಾ?" ನಕ್ಕು, ಖಾಲಿ ಲೋಟವನ್ನು ನನ್ನ ಮುಂದೆ ಹಿಡಿದ.

ಹಿರಿಯರ ಲೋಟ ಬರಿದಾಗಿ ಮುಂದೆ ಬಂದರೆ ಕಿರಿಯರು ತುಂಬಬೇಕು. ಇದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನನ್ನ ಕೈಗಳು ಎದ್ದವು. ಅವನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತೆ. ಲೋಟ ಹಾಗೇ ನಿಂತಿತ್ತು. ಅವನು ಪಿಲ್‌ಗ್ಯುನ ಕಡೆ ತಿರುಗಿಸಿದ. ಪಿಲ್‌ಗ್ಯು ಕೈಯಲ್ಲಿದ್ದ ಹೆಂಡದ ಕೆಟಲ್ ಅನ್ನು ಚಾಪೆಯ ಮೇಲೆ ಇಟ್ಟು ತಲೆ ತಗ್ಗಿಸಿದ. ನಿರ್ಮಾಪಕಿ ಬು ಒಣ ಮೀನನ್ನು ನೋಡುತ್ತಾ ಕೂತರು. ಯಾರೂ ಸುರಿಯಲಿಲ್ಲ.

ಮುದುಕ ಒಂದಿಷ್ಟು ಹೊತ್ತು ಕಾದ. ಆಮೇಲೆ ಕೆಟಲ್ ಎಳೆದುಕೊಂಡು ತಾನೇ ಸುರಿದುಕೊಂಡ, ಕುಡಿದ. "ಹೆಂಡ ಚೆನ್ನಾಗಿದೆ," ಎಂದ. ಇನ್ನೊಂದು ಲೋಟವನ್ನೂ ಸುರಿದುಕೊಂಡ.

ನಾನು ಎದ್ದು ಹೋಗಿ ವ್ಯಾನಿನಲ್ಲಿ ಕೂತು ಅತ್ತೆ. ಸೊಕ್ ಹಿಂದೆಯೇ ಓಡಿ ಬಂದರು. ಬಾಗಿಲ ಬಳಿ ನಿಂತು ಕನ್ನಡಕ ತೆಗೆದರು.

"ಮೇಡಂ, ನನಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು." ಮತ್ತೆ ತಡೆಯಲಾರದೆ, "ಆದ್ರೆ ಆ ಲೋಟ... ಅದನ್ನ ಹಾಗೇ ಬರೀರಿ. ಅದಾದ್ಮೇಲೆ ಹೀರೋ ಎದ್ದು ಅವನನ್ನ ಮುಗಿಸ್ತಾನೆ. ಈಗ ಯಾರೂ ತಪ್ಪು ಅನ್ನಲ್ಲ," ಎಂದರು.

"ಕೊಂದ್ರೆ ಅವನಿಗೆ ನೆನಪು ಬರುತ್ತಾ?"

"ಮತ್ತೆ ಜನಕ್ಕೆ ಏನ್ ಕೊಡೋದು ಮೇಡಂ?"

"ನನಗೇನು ಗೊತ್ತು? ನನಗೇ ಏನೂ ಸಿಕ್ಕಿಲ್ಲ," ಎಂದು ಕಿರುಚಿ, ವ್ಯಾನಿನ ಬಾಗಿಲು ಎಳೆದುಕೊಂಡೆ.

ಲ್ಯಾಪ್‌ಟಾಪ್ ತೆರೆದು ಕೊನೆಯ ದೃಶ್ಯವನ್ನು ಪೂರ್ತಿ ಅಳಿಸಿದೆ. ಮೂವತ್ತು ವರ್ಷದ ಮೇಲೆ ಹುಡುಗ ಬಂದು ಬಾಗಿಲು ತಟ್ಟುತ್ತಾನೆ. ಅವನ ಕೋಟಿನೊಳಗೆ ಚಾಕು ಇದೆ. ಮುದುಕ ಬಾಗಿಲು ತೆರೆಯುತ್ತಾನೆ. ಹುಡುಗ ನೆಟ್ಟಗೆ ನಿಂತು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ ಎಂದು ಬರೆದೆ. ಓದಿದೆ. ಸುಳ್ಳು ಅನ್ನಿಸಿತು. ಅದನ್ನು ಹೊಡೆದುಹಾಕಿ ಮತ್ತೆ ಬರೆದೆ: ಹುಡುಗ ಸೊಂಟದವರೆಗೆ ಬಾಗುತ್ತಾನೆ.